ಊರಿನ ಶೂಗೇಜ್ ಬ್ಯಾಂಡನ್ನು ಲೈವ್ ಕೇಳಲು ಎಲ್ಲಿ ನಿಲ್ಲಬೇಕು, ಕಿವಿಗೆ ಏನು ಹಾಕಬೇಕು?

ಶೂಗೇಜ್ ಅಂದರೆ ಮೊರೆಯುವ ಗಿಟಾರ್‌ಗಳ ಅಲೆಯೊಳಗೆ ಮೆಲುದನಿ ಮುಳುಗಿರುವ ರಾಕ್ ಸಂಗೀತ. ನೀವು ಕೇಳಿರುವುದು ಮೂರು ಸಂಗತಿ. ಮೆಚ್ಚಿನ ಬ್ಯಾಂಡ್ ಸಣ್ಣ ಹಾಲ್‌ನಲ್ಲಿ ನುಡಿಸುವಾಗ ಎಲ್ಲಿ ನಿಂತರೆ ಚೆನ್ನ, ಇಯರ್‌ಪ್ಲಗ್ ಹಾಕಿದರೆ ಮಜಾ ಹೋಗುತ್ತಾ, ಹೋದ ಸಲ ಹಾಡಿನ ಒಂದು ಪದವೂ ಕೇಳಿಸಲಿಲ್ಲವಲ್ಲ, ಅದು ಯಾರ ತಪ್ಪು.

ಕೊನೆಯದನ್ನು ಮೊದಲು ಹೇಳ್ತೀನಿ, ಉಳಿದ ಎರಡಕ್ಕೂ ಅದೇ ಬುಡ. ಸಣ್ಣ ಹಾಲ್‌ನಲ್ಲಿ ಡ್ರಮ್ಸ್ ಮತ್ತು ಗಿಟಾರ್ ಆಂಪ್‌ಗಳ (ಗಿಟಾರ್ ಸದ್ದನ್ನು ಹಿಗ್ಗಿಸುವ ಪೆಟ್ಟಿಗೆಗಳ) ಸದ್ದು ವೇದಿಕೆಯಿಂದ ನೇರವಾಗಿ ನಿಮ್ಮ ಕಿವಿಗೆ ಬರುತ್ತೆ. ಅಕ್ಕಪಕ್ಕದ ದೊಡ್ಡ ಸ್ಪೀಕರ್‌ಗಳಿಗೆ ಅಲ್ಲಿ ಮುಖ್ಯ ಕೆಲಸವೆಂದರೆ ಹಾಡುವವರ ದನಿಯನ್ನು ಎತ್ತಿ ಕೊಡುವುದು. ಶೂಗೇಜ್‌ನಲ್ಲಿ ಹಾಡುವುದೋ, ಪಿಸುಗುಟ್ಟಿದ ಹಾಗೆ. ಆ ಮೆಲುದನಿ ಮೇಲೆ ಬರಲೆಂದು ಮೈಕ್‌ನ ಗೇನ್ (ಸದ್ದು ಹಿಡಿಯುವ ಮಟ್ಟ) ಏರಿಸಿದರೆ ಹಿಂದಿರುವ ಸಿಂಬಲ್ (ಡ್ರಮ್ಸ್‌ನ ಲೋಹದ ತಟ್ಟೆ) ಮತ್ತು ಆಂಪ್ ಕೂಡ ಅದೇ ಮೈಕ್‌ಗೆ ನುಗ್ಗುತ್ತವೆ. ದನಿಗೆಂದು ಹಾಕಿದ ರಿವರ್ಬ್ (ಅನುರಣನದ ಪರಿಣಾಮ) ಸಿಂಬಲ್‌ಗೂ ಹತ್ತಿ ಎಲ್ಲ ಕಲಸಿಹೋಗುತ್ತೆ. ಇನ್ನೂ ಏರಿಸಿದರೆ ಮೈಕ್ ಕುಂಯ್ ಅನ್ನುತ್ತೆ. ಸೌಂಡ್ ಇಂಜಿನಿಯರ್ ಕೈಯಲ್ಲಿರುವ ನಿಜವಾದ ಮದ್ದು ಒಂದೇ: ಆಂಪ್ ತಗ್ಗಿಸಿ ಎಂದು ಗಿಟಾರಿಸ್ಟ್‌ಗಳನ್ನು ಕೇಳುವುದು. ಆದರೆ ತಂತಿ ತಾನಾಗಿ ಮೊರೆಯುವ ಆ ಫೀಡ್‌ಬ್ಯಾಕ್ ಬರಬೇಕಾದರೆ ಆಂಪ್ ಜೋರಾಗಿಯೇ ಇರಬೇಕು. ಹಾಗಾಗಿ ತಪ್ಪು ಬಹುತೇಕ ಯಾರದೂ ಅಲ್ಲ. ಈ ಶೈಲಿಯಲ್ಲಿ ರೆಕಾರ್ಡಿಂಗ್‌ನಲ್ಲೂ ದನಿಯನ್ನು ಬೇಕಂತಲೇ ಗಿಟಾರ್‌ಗಳ ಒಳಗೆ ಹುದುಗಿಸಿರುತ್ತಾರೆ ಅನ್ನುವುದನ್ನೂ ಮರೆಯಬೇಡಿ.

ಈಗ ಜಾಗ. ಅಭಿಮಾನಿಗಳು ಓಡಿಹೋಗಿ ಹಿಡಿಯುವ ಮೊದಲ ಸಾಲು ಕೇಳುವುದಕ್ಕೆ ಅತಿ ಕೆಟ್ಟ ಜಾಗ. ದೊಡ್ಡ ಸ್ಪೀಕರ್‌ಗಳು ನಿಮ್ಮ ಎರಡೂ ಬದಿಯಿಂದ ಹಿಂದಿನವರ ಕಡೆ ಮುಖಮಾಡಿರುತ್ತವೆ, ದನಿ ನಿಮ್ಮನ್ನು ದಾಟಿ ಹೋಗುತ್ತೆ. ಗಿಟಾರ್ ಆಂಪ್‌ನ ತಾರ ಸ್ವರಗಳು ಹರಡುವುದಿಲ್ಲ, ನೇರ ಗೆರೆಯಲ್ಲಿ ಹೋಗುತ್ತವೆ. ಆ ಗೆರೆಯಲ್ಲಿ ನಿಂತರೆ ಕಿವಿ ಕೊರೆಯುತ್ತೆ, ಪಕ್ಕಕ್ಕೆ ಎರಡು ಹೆಜ್ಜೆ ಸರಿದರೆ ಮಂಕು. ಎಡಗಡೆ ಆಂಪ್‌ನ ಮುಂದೆ ನಿಂತವರಿಗೆ ಬಲಗಡೆ ಗಿಟಾರ್ ಇಲ್ಲವೇ ಇಲ್ಲ. ಎರಡು ಗಿಟಾರ್ ಬೆರೆತು ಯಾವುದು ಯಾರದೆಂದು ಗೊತ್ತಾಗದೆ ಹೋಗುವುದೇ ಈ ಸಂಗೀತದ ಜೀವ, ಅದೇ ತಪ್ಪಿಹೋದರೆ ಏನು ಬಂತು!

ಸದ್ದು ಹೊಂದಿಸುವ ಮಿಕ್ಸರ್‌ನ ಮೇಜು ಹಾಲ್‌ನ ನಡುವೆ ಇದ್ದರೆ ಅದರ ಒಂದೆರಡು ಹೆಜ್ಜೆ ಮುಂದೆ ನಿಲ್ಲಿ. ಇಂಜಿನಿಯರ್ ಕೇಳಿ ಹೊಂದಿಸುವುದು ಅಲ್ಲಿನ ಸದ್ದನ್ನೇ. ಎಷ್ಟೋ ಕಡೆ ಮೇಜನ್ನು ಮೂಲೆಗೆ ತಳ್ಳಿರುತ್ತಾರೆ. ಆಗ ಎರಡು ಸ್ಪೀಕರ್‌ಗಳ ನಡುವಿನ ಅಂತರ ಎಷ್ಟಿದೆಯೋ ಸುಮಾರು ಅಷ್ಟೇ ಹಿಂದಕ್ಕೆ, ನಡುಗೆರೆಯ ಹತ್ತಿರ ನಿಂತರಾಯಿತು. ಹಿಂಬದಿ ಗೋಡೆಗೆ ಒರಗಬೇಡಿ. ಗೋಡೆಯ ಬಳಿ ಬೇಸ್ ಜಮಾಯಿಸುತ್ತೆ, ಮೂಲೆಯಲ್ಲಂತೂ ಇನ್ನೂ ಹೆಚ್ಚು. ಮೊದಲು ನುಡಿಸುವ ಬ್ಯಾಂಡ್‌ನ ಹೊತ್ತಿಗೇ ಹೋದರೆ ಸುತ್ತಾಡಿ ಜಾಗ ಗೊತ್ತುಮಾಡಿಕೊಳ್ಳಬಹುದು.

ಆದರೂ ಒಂದು ಹಾಡಿಗಾದರೂ ಮುಂದೆ ಹೋಗಿ, ನೋಡುವುದಕ್ಕೆ. ಎಲ್ಲರೂ ಗಿಟಾರ್ ಸದ್ದನ್ನು ಬದಲಿಸುವ, ಕಾಲಲ್ಲಿ ಒತ್ತುವ ಪೆಡಲ್‌ಗಳನ್ನೇ ನೋಡುತ್ತಾರೆ. ನಾನಾದರೆ ಗಿಟಾರಿಸ್ಟ್‌ನ ಬಲಗೈ ನೋಡಿ ಅಂತೀನಿ. ಟ್ರೆಮೊಲೊ ಕಂಬಿಯನ್ನು (ತಂತಿಗಳ ಬಿಗಿ ಬದಲಿಸುವ, ಗಿಟಾರ್‌ನ ಸಣ್ಣ ಸರಳನ್ನು) ಅಂಗೈಯಲ್ಲೇ ಹಿಡಿದು, ಬಿಡದೆ, ಅದೇ ಕೈಯಲ್ಲಿ ತಂತಿ ಮೀಟುತ್ತಿದ್ದರೆ ಪ್ರತಿ ಮೀಟಿಗೂ ತಂತಿಗಳು ಕೂತಿರುವ ಬ್ರಿಡ್ಜ್ ತುಸು ಅಲುಗಿ ಇಡೀ ಸ್ವರಮೇಳದ ಶ್ರುತಿ ಮೇಲೆ ಕೆಳಗೆ ತೂಗುತ್ತೆ. ಶೂಗೇಜ್ ಬ್ಯಾಂಡ್ ಮೈ ಬ್ಲಡಿ ವ್ಯಾಲೆಂಟೈನ್‌ನ ಗಿಟಾರಿಸ್ಟ್ ಕೆವಿನ್ ಶೀಲ್ಡ್ಸ್ ಹೆಸರುವಾಸಿ ಮಾಡಿದ ವಿಧಾನ ಇದು, 1991ರ ‘ಲವ್‌ಲೆಸ್’ ಆಲ್ಬಂ ತುಂಬ ಅದೇ. ಆ ತೂಗಾಟ ಪೆಡಲ್‌ನದು ಎಂದುಕೊಂಡವರು ಬಹಳ. ಹಾಡುಗಳ ನಡುವೆ ಶ್ರುತಿ ಮಾಡುತ್ತಾ ಸಮಯ ಕಳೆಯುವುದಕ್ಕೂ ಇದು ಒಂದು ಕಾರಣ: ಕಂಬಿ ಎಳೆದಾಡಿದರೆ ತಂತಿ ಜಾರುತ್ತೆ, ಮೇಲಾಗಿ ಹಾಡಿಗೊಂದು ಶ್ರುತಿ ಇಟ್ಟುಕೊಂಡಿರುತ್ತಾರೆ.

ಇಯರ್‌ಪ್ಲಗ್ ಹಾಕಲೇಬೇಕು, ಇದರಲ್ಲಿ ಚರ್ಚೆಯಿಲ್ಲ. ಕೆಲಸದ ಜಾಗಗಳಿಗೆ ಬಳಸುವ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು. ಪ್ರತಿ 3 ಡೆಸಿಬೆಲ್ ಏರಿದಾಗಲೂ ಅವಧಿ ಅರ್ಧವಾಗುತ್ತೆ. 94ಕ್ಕೆ 1 ಗಂಟೆ, 100ಕ್ಕೆ 15 ನಿಮಿಷ, 105ಕ್ಕೆ 5 ನಿಮಿಷವೂ ಇಲ್ಲ. ಶೂಗೇಜ್ ಬ್ಯಾಂಡ್ 100 ದಾಟುವುದು ಏನೂ ಅಪರೂಪವಲ್ಲ. 2008ರಲ್ಲಿ ಮತ್ತೆ ವೇದಿಕೆಗೆ ಬಂದಾಗ ಮೈ ಬ್ಲಡಿ ವ್ಯಾಲೆಂಟೈನ್ ಕಾರ್ಯಕ್ರಮಗಳ ಬಾಗಿಲಲ್ಲೇ ಇಯರ್‌ಪ್ಲಗ್ ಹಂಚುತ್ತಿದ್ದರು. "ಒಂದೇ ಒಂದು ಹಾಡಿಗೆ ತೆಗೀತೀನಿ" ಅನ್ನುವವರು ಆ 5 ನಿಮಿಷದ ಲೆಕ್ಕ ನೆನಪಿಡಲಿ.

ಮಜಾ ಹೋಗುವುದು ಫೋಮ್ ಪ್ಲಗ್‌ನಿಂದ. ಅದು ತಾರವನ್ನು ಹೆಚ್ಚು, ಮಂದ್ರವನ್ನು ಕಡಿಮೆ ತಡೆಯುತ್ತೆ, ಆದ್ದರಿಂದ ಸಿಂಬಲ್‌ನ ಹೊಳಪು ಹೋಗಿ ಗೊಗ್ಗರು ಉಳಿಯುತ್ತೆ. ಸಂಗೀತಗಾರರಿಗೆಂದೇ ಮಾಡಿದ, ಒಳಗೆ ಫಿಲ್ಟರ್ ಇರುವ ಪ್ಲಗ್ ತಗೊಳ್ಳಿ. 15–20 ಡೆಸಿಬೆಲ್‌ನಷ್ಟು ಎಲ್ಲವನ್ನೂ ಹೆಚ್ಚುಕಡಿಮೆ ಸಮವಾಗಿ ಇಳಿಸುತ್ತೆ, ಎಷ್ಟೋ ಸಲ ದನಿ ಬರಿಗಿವಿಗಿಂತ ಸ್ಪಷ್ಟವಾಗಿ ಕೇಳುತ್ತೆ. ಫೋಮ್ ಮಾತ್ರ ಸಿಕ್ಕಿದರೆ ಅದನ್ನು ಬತ್ತಿಯ ಹಾಗೆ ಸಣ್ಣಗೆ ಹೊಸೆದು, ಎದುರು ಕೈಯಿಂದ ತಲೆಯ ಹಿಂದುಗಡೆ ಬಳಸಿ ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು, ಒಳಗೆ ಸೇರಿಸಿ, ಉಬ್ಬುವ ತನಕ 20–30 ಸೆಕೆಂಡ್ ಬೆರಳು ಒತ್ತಿ ಹಿಡಿಯಿರಿ. ಅರ್ಧ ಹೊರಗೆ ಕಾಣುತ್ತಿದ್ದರೆ ಕೂತಿಲ್ಲ ಅಂತ ಅರ್ಥ. ಆಮೇಲೆ ಅಂಗೈಯಿಂದ ಕಿವಿ ಮುಚ್ಚಿ ನೋಡಿ: ಸದ್ದು ಇನ್ನೂ ತುಂಬ ಇಳಿದರೆ ಎಲ್ಲೋ ಸಂದು ಉಳಿದಿದೆ, ತೆಗೆದು ಮತ್ತೆ ಹಾಕಿ. ಹತ್ತಿ, ಟಿಶ್ಯೂ ಕಾಗದ ಎಲ್ಲ ಸುಮ್ಮನೆ ಸಮಾಧಾನಕ್ಕೆ. ಮರುದಿನ ಕಿವಿ ಗುಂಯ್‌ಗುಡುವುದು ನಿಲ್ಲದೆ ಎರಡು ದಿನ ದಾಟಿದರೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಅಷ್ಟೂ ಕಾಯಬೇಡಿ.

ರೆಕಾರ್ಡಿಂಗ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡ್ತೀನಿ. ಫೋನ್‌ನ ಮೈಕ್ ಈ ಸದ್ದಿಗೆ ತಡೆಯದೆ ಒಡೆದ ದನಿ ಹಿಡಿಯುತ್ತೆ, ಮನೆಗೆ ಬಂದ ಮೇಲೆ ವಾಲ್ಯೂಮ್ ಇಳಿಸಿದರೆ ಅದು ಸರಿಹೋಗುವುದಿಲ್ಲ. ಹಿಂದೆ ನಿಂತು, ಆಂಪ್‌ನ ಗೆರೆ ತಪ್ಪಿಸಿ ಹಿಡಿದರೆ ಸ್ವಲ್ಪ ವಾಸಿ. ಬ್ಯಾಂಡ್‌ನವರ ಪರಿಚಯವಿದ್ದು ಮಿಕ್ಸರ್‌ನಿಂದಲೇ ತೆಗೆದ ರೆಕಾರ್ಡಿಂಗ್ ಸಿಕ್ಕಿದರೂ ತುಂಬ ಆಸೆ ಇಟ್ಟುಕೊಳ್ಳಬೇಡಿ. ಆಂಪ್‌ಗಳು ಹಾಲ್‌ನಲ್ಲೇ ಸಾಕಷ್ಟು ಜೋರಾಗಿದ್ದುದರಿಂದ ಮಿಕ್ಸರ್‌ನಲ್ಲಿ ಗಿಟಾರ್‌ಗಳನ್ನು ತೀರ ಕೆಳಗಿಟ್ಟಿರುತ್ತಾರೆ. ಹಾಲ್‌ನಲ್ಲಿ ಕೇಳದ ಸಾಹಿತ್ಯ ಅದರಲ್ಲಿ ಒಂದೊಂದು ಅಕ್ಷರವೂ ಕೇಳುತ್ತೆ, ಗಿಟಾರ್ ಮಾತ್ರ ಎಲ್ಲೋ ಪಕ್ಕದ ಕೋಣೆಯಲ್ಲಿ ನುಡಿಸಿದ ಹಾಗಿರುತ್ತೆ.