ಮೇರಿಲ್ಯಾಂಡ್‌ನ ನದಿಗಳಲ್ಲಿ ನಾವೇ ಹೋಗಿ ಆಯ್ಸ್ಟರ್ ತೆಗೆಯಬಹುದಾ? ಕಾನೂನು ಏನಿದೆ?

ನೀವು ಕುಮಟಾ ಕಡೆಯವರು, ಈಗ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಚಾಪ್‌ಟ್ಯಾಂಕ್ ನದಿ ಹತ್ತಿರ ಇದ್ದೀರಿ. ಅಘನಾಶಿನಿಯಲ್ಲಿ ನೀರಿಳಿದಾಗ ಬಳಚು (ಚಿಪ್ಪುಮೀನು) ತೆಗೆಯುವ ಹಾಗೆ ಇಲ್ಲಿ ಆಯ್ಸ್ಟರ್ (ಸಿಂಪಿ) ತೆಗೆಯಬಹುದಾ, ಲೈಸೆನ್ಸ್ ಬೇಕಾ ಅಂತ ಕೇಳಿದ್ದೀರಿ. ತೆಗೆಯಬಹುದು. ನೀವು ಮೇರಿಲ್ಯಾಂಡ್ ನಿವಾಸಿಯಾಗಿದ್ದರೆ ಮನೆ ಊಟಕ್ಕೆ ತೆಗೆಯಲು ಲೈಸೆನ್ಸ್ ಬೇಡ. ಹೊರರಾಜ್ಯದಿಂದ ಬಂದ ನೆಂಟರು ತೆಗೆಯುವಂತಿಲ್ಲ. ತೆಗೆದದ್ದನ್ನು ಒಂದೇ ಒಂದು ಕೂಡ ಮಾರುವಂತಿಲ್ಲ. ಮಾರಬೇಕಾದರೆ ಮೀನುಗಾರರ ಲೈಸೆನ್ಸ್ ಬೇಕು, ಅದರ ಕಥೆಯೇ ಬೇರೆ.

ಕಾಲ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ. ಸೋಮವಾರದಿಂದ ಶನಿವಾರ, ಸೂರ್ಯ ಹುಟ್ಟಿದ ಮೇಲೆ ಮಧ್ಯಾಹ್ನ 12ರೊಳಗೆ. ದಿನಕ್ಕೆ ಒಬ್ಬರಿಗೆ 100 ಆಯ್ಸ್ಟರ್. ಪ್ರತಿಯೊಂದೂ ಕನಿಷ್ಠ 3 ಇಂಚು ಇರಬೇಕು. ಕೈಯಲ್ಲಿ ಹೆಕ್ಕಬಹುದು, ಕುಂಟೆಯಲ್ಲಿ ಎಳೆಯಬಹುದು, ಮುಳುಗಿ ತೆಗೆಯಬಹುದು, ಇಲ್ಲವೇ ಇಲ್ಲಿನವರು ಟಾಂಗ್ಸ್ ಅನ್ನುವ ಉದ್ದ ಕೋಲಿನ ಇಕ್ಕಳ ಬಳಸಬಹುದು. ಊರಿನ ಲೆಕ್ಕದಲ್ಲಿ ಬುಟ್ಟಿ ಹಿಡಿದು ಕೆಸರಿಗಿಳಿದರೆ ಆಗುವುದಿಲ್ಲ. ಇಲ್ಲಿ ಉಬ್ಬರ ಇಳಿತ ಬಹಳ ಕಡಿಮೆ, ಆಯ್ಸ್ಟರ್ ಹೆಚ್ಚಾಗಿ ಯಾವಾಗಲೂ ನೀರಿನ ಅಡಿಯಲ್ಲೇ ಇರುತ್ತದೆ. ಹಾಗಾಗಿ ಹೆಚ್ಚಿನ ಕಡೆ ದೋಣಿಯೋ ಟಾಂಗ್ಸೋ ಬೇಕಾಗುತ್ತದೆ.

ಈಗ ನಾನು ಮುಖ್ಯ ಅಂದುಕೊಂಡಿರುವ ನಿಯಮಕ್ಕೆ ಬರುತ್ತೇನೆ. ಮೇಲೆ ಬಂದ ರಾಶಿಯನ್ನು ಅಲ್ಲೇ, ಅದೇ ಜಾಗದಲ್ಲಿ ಆರಿಸಬೇಕು. 3 ಇಂಚಿಗಿಂತ ಸಣ್ಣವನ್ನೂ ಖಾಲಿ ಚಿಪ್ಪುಗಳನ್ನೂ ತೆಗೆದ ಜಾಗಕ್ಕೇ ಮತ್ತೆ ಹಾಕಬೇಕು. ಸಣ್ಣದನ್ನು ಬಿಡಬೇಕು ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಖಾಲಿ ಚಿಪ್ಪು ಯಾಕೆ ಅಂತ ಹೊಸಬರು ಕೇಳಿಯೇ ಕೇಳುತ್ತಾರೆ. ನಾನು ಇಲ್ಲಿನ ಪರಿಚಯದ ಮೀನುಗಾರರ ಜೊತೆ ದೋಣಿಯಲ್ಲಿ ಹೋದಾಗ ಅವರು ಮೊದಲು ತೋರಿಸಿದ್ದೇ ಇದನ್ನು. ಒಂದು ಹಳೆ ಚಿಪ್ಪು ತಿರುಗಿಸಿದರು. ಒಳಮೈಯಲ್ಲಿ ಕಿರುಬೆರಳಿನ ಉಗುರಿನಷ್ಟು ಅಗಲದ ಕಂದು ಚುಕ್ಕೆಗಳು, ಅಂಟು ಹಾಕಿದ ಹಾಗೆ ಕೂತಿದ್ದವು. ಅವು ಆ ಬೇಸಿಗೆಯಲ್ಲಿ ಹುಟ್ಟಿದ ಆಯ್ಸ್ಟರ್ ಮರಿಗಳು. ಮರಿ ಎರಡು ಮೂರು ವಾರ ನೀರಿನಲ್ಲಿ ತೇಲುತ್ತದೆ, ಆಮೇಲೆ ಗಟ್ಟಿಯಾದ ಏನಾದರೂ ಸಿಕ್ಕಿದರೆ ಹತ್ತಿ ಕೂರುತ್ತದೆ. ಮತ್ತೆ ಜಾಗ ಬಿಟ್ಟು ಕದಲುವುದಿಲ್ಲ. ಕೆಸರಿಗೆ ಬಿದ್ದರೆ ಸತ್ತಂತೆಯೇ. ನದಿ ತಳದಲ್ಲಿ ಅದಕ್ಕೆ ಸಿಗುವ ಗಟ್ಟಿ ಜಾಗ ಅಂದರೆ ಹಿರಿಯ ಆಯ್ಸ್ಟರ್‌ಗಳ ಚಿಪ್ಪೇ. ನೀವು ಒಂದು ಬುಟ್ಟಿ ಚಿಪ್ಪು ಅಂಗಳದ ಅಲಂಕಾರಕ್ಕೆ ಅಂತ ಸುಮ್ನೆ ಮನೆಗೆ ತಂದರೆ ಮುಂದಿನ ಪೀಳಿಗೆ ಕೂರುವ ನೆಲವನ್ನೇ ತಂದ ಹಾಗೆ.

3 ಇಂಚಿಗೂ ಕಾರಣ ಇದೆ. ಅಷ್ಟು ಬೆಳೆಯಲು ಸುಮಾರು ಮೂರು ವರ್ಷ ಬೇಕು. ಈ ಜಾತಿಯವು ಸಣ್ಣವಿದ್ದಾಗ ಹೆಚ್ಚಾಗಿ ಗಂಡು, ದೊಡ್ಡದಾದ ಮೇಲೆ ಬಹಳಷ್ಟು ಹೆಣ್ಣಾಗುತ್ತವೆ. ಸಣ್ಣವನ್ನೇ ಬಾಚಿದರೆ ಮೊಟ್ಟೆ ಇಡುವವೇ ಉಳಿಯುವುದಿಲ್ಲ. ಎರಡು ಚಿಪ್ಪು ಸೇರುವ ಮೂಲೆಯಿಂದ ಆಚೆ ತುದಿಯವರೆಗೆ ಅಳೆಯಿರಿ. ಅಳತೆಪಟ್ಟಿ ಜೊತೆಗೇ ಇರಲಿ, ಕಣ್ಣಳತೆ ನಂಬಬೇಡಿ.

ಇಷ್ಟೊಂದು ಕಟ್ಟುನಿಟ್ಟು ಅತಿಯಾಯಿತು ಅನಿಸಬಹುದು. ಇದು ಪೆಟ್ಟು ತಿಂದು ಬಂದ ಕಾನೂನು. 1880ರ ದಶಕದಲ್ಲಿ ಮೇರಿಲ್ಯಾಂಡ್ ಒಂದರಲ್ಲೇ ಒಂದು ಸೀಸನ್‌ಗೆ ಸುಮಾರು 1.5 ಕೋಟಿ ಬುಶೆಲ್ (ದೊಡ್ಡ ಬುಟ್ಟಿಯಷ್ಟರ ಒಂದು ಅಳತೆ) ಆಯ್ಸ್ಟರ್ ತೆಗೆಯುತ್ತಿದ್ದರು. ಕಳ್ಳತನ, ಗುಂಡು ಹಾರಾಟ ಎಲ್ಲಾ ನಡೆಯುತ್ತಿತ್ತು. ಅದನ್ನು ತಡೆಯಲು ರಾಜ್ಯ 1868ರಲ್ಲೇ ಒಂದು ಆಯ್ಸ್ಟರ್ ನೌಕಾಪಡೆ ಕಟ್ಟಿತ್ತು. ಇಂದು ನಿಮ್ಮ ದೋಣಿ ನಿಲ್ಲಿಸಿ ಬುಟ್ಟಿ ನೋಡುವ ನ್ಯಾಚುರಲ್ ರಿಸೋರ್ಸಸ್ ಪೊಲೀಸರು ಅದೇ ಪಡೆಯ ಮುಂದುವರಿಕೆ. ಅತಿಯಾದ ಬೇಟೆ ಸಾಲದು ಅಂತ 20ನೇ ಶತಮಾನದಲ್ಲಿ ಎಂಎಸ್‌ಎಕ್ಸ್, ಡರ್ಮೊ ಅನ್ನುವ ಎರಡು ರೋಗಗಳೂ ಬಂದವು. ಇವು ಮನುಷ್ಯರಿಗೆ ತಗಲುವುದಿಲ್ಲ, ಆಯ್ಸ್ಟರ್‌ಗಳನ್ನು ಮಾತ್ರ ರಾಶಿ ರಾಶಿಯಾಗಿ ಕೊಂದವು. ಈಗ ಉಳಿದಿರುವುದು ಆ ಕಾಲದ ಒಂದು ಚೂರು ಅಷ್ಟೆ.

ಇನ್ನು ಜಾಗದ ವಿಷಯ. ಹೊಸಬರು ಜಾಸ್ತಿ ಸಿಕ್ಕಿಬೀಳುವುದು ಇಲ್ಲೇ. 2010ರಲ್ಲಿ ರಾಜ್ಯ ತನ್ನ ಆಯ್ಸ್ಟರ್ ದಿಬ್ಬಗಳಲ್ಲಿ, ಅಂದರೆ ನೀರಿನ ತಳದಲ್ಲಿ ಆಯ್ಸ್ಟರ್‌ಗಳು ಒಟ್ಟಾಗಿ ಬೆಳೆಯುವ ಜಾಗಗಳಲ್ಲಿ, ಸುಮಾರು ಕಾಲು ಭಾಗವನ್ನು ಅಭಯಧಾಮ ಮಾಡಿತು. ಅಲ್ಲಿ ಯಾರೂ, ಯಾವ ಕಾಲದಲ್ಲೂ ತೆಗೆಯುವಂತಿಲ್ಲ. ನಿಮ್ಮ ಚಾಪ್‌ಟ್ಯಾಂಕ್‌ಗೆ ಸೇರುವ ಹ್ಯಾರಿಸ್ ಕ್ರೀಕ್ ಹಾಗೇ ಒಂದು ಅಭಯಧಾಮ. 2011ರಿಂದ 2015ರವರೆಗೆ ಅಲ್ಲಿ ಸುಮಾರು 350 ಎಕರೆ ದಿಬ್ಬ ಮತ್ತೆ ಕಟ್ಟಿದರು, ಚಿಪ್ಪಿಗೆ ಅಂಟಿದ ಮರಿಗಳನ್ನು ತಂದು ತಂದು ಸುರಿದರು. ಅಲ್ಲಿ ಕುಂಟೆ ಹಾಕುವುದನ್ನು ನನಗೆ ನೆನೆಸಿಕೊಳ್ಳುವುದಕ್ಕೂ ಆಗುವುದಿಲ್ಲ. ಖಾಸಗಿಯವರು ಲೀಸ್‌ಗೆ ಪಡೆದ ನದಿ ತಳವೂ ಇದೆ. ಮೇಲಿಂದ ನೋಡಿದರೆ ಬರೀ ನೀರು, ಗುರುತಿನ ಕೋಲು ಇದ್ದರೆ ಇರುತ್ತದೆ ಅಷ್ಟೆ. ಅಲ್ಲಿ ತೆಗೆದರೆ ಇನ್ನೊಬ್ಬರ ಬೆಳೆ ಕದ್ದಂತೆ.

ಮೂರನೆಯದು ಆರೋಗ್ಯದ ನಕ್ಷೆ. ಆಯ್ಸ್ಟರ್ ನೀರು ಸೋಸಿ ಬದುಕುತ್ತದೆ, ನೀರಿನಲ್ಲಿದ್ದ ಕೊಳೆ ಅದರ ಹೊಟ್ಟೆಗೂ ಹೋಗುತ್ತದೆ. ಅದಕ್ಕೇ ರಾಜ್ಯದ ಪರಿಸರ ಇಲಾಖೆ ಕೆಲವು ಕಡೆ ಪೂರ್ತಿ ನಿಷೇಧ ಹಾಕಿದೆ. ಇನ್ನು ಕೆಲವು ಜಾಗಗಳು ಷರತ್ತಿನ ಮೇಲೆ ತೆರೆದಿರುತ್ತವೆ. 24 ಗಂಟೆಯಲ್ಲಿ ಒಂದು ಇಂಚು ಮಳೆ ಬಿದ್ದರೆ ಅವು ಮೂರು ದಿನ ಬಂದ್. ಹೊಲ, ರಸ್ತೆ, ಚರಂಡಿಯ ನೀರೆಲ್ಲ ನದಿಗೆ ಬಂದಿರುತ್ತದೆ ಅಲ್ವಾ? ಮನೆಯಲ್ಲಿ ಲಿವರ್ ತೊಂದರೆ ಇರುವವರಿದ್ದರೆ ಇಲ್ಲಿನವರ ಹಾಗೆ ನಿಂಬೆ ಹಿಂಡಿ ಹಸಿಯಾಗಿ ತಿನ್ನಲು ಕೊಡಲೇಬೇಡಿ. ವಿಬ್ರಿಯೊ ಅನ್ನುವ ಬ್ಯಾಕ್ಟೀರಿಯಾ ಅಂಥವರ ಜೀವಕ್ಕೇ ಕುತ್ತು ತರಬಹುದು. ನೀರು ಬೆಚ್ಚಗಿರುವ ತಿಂಗಳುಗಳಲ್ಲಿ ಅದು ಜಾಸ್ತಿ. ನಾವು ಬಳಚು ಬೇಯಿಸುವ ಹಾಗೆ ಚೆನ್ನಾಗಿ ಬೇಯಿಸಿ, ತೆಂಗಿನಕಾಯಿ ಮಸಾಲೆಗೆ ಇದೂ ಸೊಗಸಾಗಿ ಹೊಂದುತ್ತದೆ.

ಪೊಟೊಮ್ಯಾಕ್ ಕಡೆ ಹೋಗುವ ಯೋಚನೆ ಇದ್ದರೆ ಅಲ್ಲಿ ಈ ನಿಯಮ ನಡೆಯುವುದಿಲ್ಲ. ಆ ನದಿಗೆ ಮೇರಿಲ್ಯಾಂಡ್ ಮತ್ತು ವರ್ಜೀನಿಯಾ 1958ರಲ್ಲಿ ಒಪ್ಪಂದ ಮಾಡಿಕೊಂಡು ರಚಿಸಿದ ಪ್ರತ್ಯೇಕ ಆಯೋಗವೇ ಇದೆ, ಅವರ ನಿಯಮ ಓದಿ.

ಹೊರಡುವ ಹಿಂದಿನ ರಾತ್ರಿ ರಾಜ್ಯದ ನ್ಯಾಚುರಲ್ ರಿಸೋರ್ಸಸ್ ಇಲಾಖೆಯ ವೆಬ್‌ಸೈಟ್‌ನಲ್ಲಿ ಆ ವರ್ಷದ ನಿಯಮ ಮತ್ತು ಅಭಯಧಾಮಗಳ ನಕ್ಷೆ, ಪರಿಸರ ಇಲಾಖೆಯಲ್ಲಿ ಮಳೆಯ ಬಂದ್ ಪಟ್ಟಿ ನೋಡಿ. ಸೀಸನ್ ಮಧ್ಯದಲ್ಲೂ ಬದಲಾವಣೆ ಬರುವುದುಂಟು. ನಿಮ್ಮ ಮನೆಗೆ ನದಿಯ ಮೇಲೆ ಸ್ವಂತ ಡಾಕ್ (ದೋಣಿ ಕಟ್ಟುವ ಕಟ್ಟೆ) ಇದ್ದರೆ ಇನ್ನೊಂದು ದಾರಿಯೂ ಇದೆ. 2008ರಲ್ಲಿ ಶುರುವಾದ ಮೇರಿಲ್ಯಾಂಡರ್ಸ್ ಗ್ರೋ ಆಯ್ಸ್ಟರ್ಸ್ ಯೋಜನೆ ಇರುವ ನದಿಗಳಲ್ಲಿ ಮರಿ ಆಯ್ಸ್ಟರ್ ತುಂಬಿದ ಪಂಜರಗಳನ್ನು ಕೊಡುತ್ತಾರೆ. ಡಾಕ್‌ಗೆ ಕಟ್ಟಿ, ಆಗಾಗ ಕುಲುಕಿ ಕೆಸರು ತೊಳೆದರೆ ಸಾಕು. ಬೆಳೆದ ಮೇಲೆ ಅವು ಅಭಯಧಾಮಕ್ಕೆ ಹೋಗುತ್ತವೆ, ತಿನ್ನಲು ಅಲ್ಲ.