ಆಶ್‌ಗ್ರೋವ್ ಲೇಬರ್ ಸೀಟೋ, ಲಿಬರಲ್ ಸೀಟೋ? ಅಲ್ಲಿ ಪ್ರೀಮಿಯರ್ ಸೋತಿದ್ದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ? ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ರಾಜ್ಯದಲ್ಲಿ, ಬ್ರಿಸ್ಬೇನಿನ ದಿ ಗ್ಯಾಪ್ ಬಡಾವಣೆಯಲ್ಲಿ ಮನೆ ಮಾಡಿದ್ದೀರಿ. "ಈ ಏರಿಯಾದವರೇ ಒಬ್ಬ ಪ್ರೀಮಿಯರ್‌ನ ಸೋಲಿಸಿ ಕಳಿಸಿದ್ದು" ಅಂತ ಪಕ್ಕದ ಮನೆಯವರು ಹೇಳಿದ್ದಾರೆ. ಪ್ರೀಮಿಯರ್ ಅಂದರೆ ಇಲ್ಲಿನ ರಾಜ್ಯದ ಮುಖ್ಯಮಂತ್ರಿ. ನೀವು ಈ ಏರಿಯಾ ಸೇರಿದ್ದ ಆಶ್‌ಗ್ರೋವ್ ಕ್ಷೇತ್ರದ ಹಳೇ ಫಲಿತಾಂಶ ತೆಗೆದು ನೋಡಿದಿರಿ. ಒಂದು ಸಲ ಲಿಬರಲ್, ಒಂದು ಸಲ ಲೇಬರ್, ನಡುವೆ ಎಲ್‌ಎನ್‌ಪಿ (ಲಿಬರಲ್ ನ್ಯಾಷನಲ್ ಪಕ್ಷ), 2017ರಿಂದ ಈಚೆಗೆ ಕ್ಷೇತ್ರವೇ ಇಲ್ಲ. ಇದು ಯಾರ ಸೀಟು ಅಂತ ಕೇಳಿದ್ದೀರಿ.

ನಾನು ಇಲ್ಲಿಗೆ ಬಂದಿದ್ದು 2009ರಲ್ಲಿ. 2012ರ ಚುನಾವಣೆಯನ್ನು ಹೊರಗೆ ನಿಂತು ನೋಡಿದೆ. 2015ರ ಹೊತ್ತಿಗೆ ಪೌರತ್ವ ಸಿಕ್ಕಿತ್ತು, ಹಾಗಾಗಿ ಈ ದೇಶದಲ್ಲಿ ನನ್ನ ಮೊದಲ ವೋಟು ಬಿದ್ದಿದ್ದು ಇದೇ ಕ್ಷೇತ್ರದಲ್ಲಿ. ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಹಳೇ ಕಥೆ. ಆಶ್‌ಗ್ರೋವ್ ಕ್ಷೇತ್ರ ಶುರುವಾಗಿದ್ದು 1960ರಲ್ಲಿ. ಆಗಿನಿಂದ 23 ವರ್ಷ ಅದು ಲಿಬರಲ್ ಪಕ್ಷದ ಕೈಯಲ್ಲೇ ಇತ್ತು. ಮೊದಲು ಡಗ್ಲಸ್ ಟೂತ್. ಅವರು ಹತ್ತು ವರ್ಷ ರಾಜ್ಯದ ಆರೋಗ್ಯ ಮಂತ್ರಿಯಾಗಿದ್ದವರು. 1974ರಲ್ಲಿ ಅವರ ಜಾಗಕ್ಕೆ ಜಾನ್ ಗ್ರೀನ್‌ವುಡ್ ಬಂದರು. ಆ ವರ್ಷ ಕ್ಯಾನ್‌ಬೆರಾದಲ್ಲಿದ್ದ ಲೇಬರ್‌ನ ಕೇಂದ್ರ ಸರ್ಕಾರದ (ಪ್ರಧಾನಿ ವಿಟ್ಲಮ್) ಮೇಲಿದ್ದ ಸಿಟ್ಟನ್ನು ಕ್ವೀನ್ಸ್‌ಲೆಂಡ್ ಜನ ಇಲ್ಲಿನ ಲೇಬರ್ ಮೇಲೆ ತೀರಿಸಿಕೊಂಡಿದ್ದರು. 82 ಸೀಟಿನಲ್ಲಿ ಲೇಬರ್‌ಗೆ ಉಳಿದಿದ್ದು 11. ಜನ ಅವರನ್ನು "ಕ್ರಿಕೆಟ್ ಟೀಮ್" ಅಂತ ಕರೆದು ನಕ್ಕರು.

ತಮಾಷೆ ಏನು ಗೊತ್ತಾ? ಆಮೇಲೆ ಈ ಕ್ಷೇತ್ರವನ್ನು ಲೇಬರ್‌ಗೆ ಗೆದ್ದುಕೊಟ್ಟವರು ನಿಜವಾಗಲೂ ಒಬ್ಬ ಕ್ರಿಕೆಟಿಗರು. 1983ರಲ್ಲಿ ಲಿಬರಲ್ ಮತ್ತು ನ್ಯಾಷನಲ್ ಪಕ್ಷಗಳ ಮೈತ್ರಿ ಮುರಿದು ಬಿತ್ತು. ಆಗಿನ ಪ್ರೀಮಿಯರ್ ಬ್ಯೆಲ್ಕೆ-ಪೀಟರ್ಸನ್ ಅವರ ನ್ಯಾಷನಲ್ ಪಕ್ಷ ಬೆಳೆಯಿತು, ಲಿಬರಲ್‌ಗಳು 8 ಸೀಟಿಗೆ ಇಳಿದರು. ಕಳೆದುಕೊಂಡ ಸೀಟುಗಳಲ್ಲಿ ಆಶ್‌ಗ್ರೋವ್ ಕೂಡ ಒಂದು. ಗೆದ್ದವರು ಟಾಮ್ ವೀವರ್ಸ್, ಆಸ್ಟ್ರೇಲಿಯಾ ಪರ 21 ಟೆಸ್ಟ್ ಆಡಿದ್ದ ಆಫ್ ಸ್ಪಿನ್ನರ್. 1964ರಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಒಂದೇ ಇನಿಂಗ್ಸ್‌ನಲ್ಲಿ 95.1 ಓವರ್ ಎಸೆದ ಆಸಾಮಿ! ಅದೇ ವರ್ಷ ಅಕ್ಟೋಬರ್‌ನಲ್ಲಿ ಬಾಂಬೆ ಟೆಸ್ಟ್‌ನಲ್ಲೂ ಆಡಿದ್ದರು. ವಿಜಯದಶಮಿಯ ದಿನ ಭಾರತ 2 ವಿಕೆಟ್‌ನಿಂದ ಗೆದ್ದ ಪಂದ್ಯ ಅದು. ನಮ್ಮ ಮೈಸೂರಿನ ಚಂದ್ರಶೇಖರ್ ಎರಡೂ ಇನಿಂಗ್ಸ್‌ನಲ್ಲಿ ನಾಲ್ಕು ನಾಲ್ಕು ವಿಕೆಟ್ ತೆಗೆದಿದ್ದರು. ನಮ್ಮ ಚಂದ್ರ ಅವರ ಎದುರು ಆಡಿದವರೊಬ್ಬರು ನಮ್ಮ ಬೀದಿಯ ಶಾಸಕರಾಗಿದ್ದರು ಅಂತ ತಿಳಿದ ದಿನ ನಾನು ಮೈಸೂರಿನಲ್ಲಿರುವ ಅಪ್ಪನಿಗೆ ಫೋನ್ ಮಾಡಿ ಹೇಳಿದ್ದೆ.

ವೀವರ್ಸ್ ಒಂದೇ ಅವಧಿಗೆ ಮುಗಿಸಿದರು. 1986ರಲ್ಲಿ ಲಿಬರಲ್ ಪಕ್ಷದ ಆಲನ್ ಶೆರ್ಲಾಕ್ ಸೀಟನ್ನು ವಾಪಸ್ ತೆಗೆದುಕೊಂಡರು. ಅವರದ್ದೂ ಮೂರೇ ವರ್ಷ. 1989ರಲ್ಲಿ ವೇನ್ ಗಾಸ್ ನಾಯಕತ್ವದಲ್ಲಿ ಲೇಬರ್ 32 ವರ್ಷಗಳ ವಿರೋಧ ಪಕ್ಷದ ಬಾಳು ಮುಗಿಸಿ ಅಧಿಕಾರಕ್ಕೆ ಬಂತು. ಹಳೇ ಸರ್ಕಾರದ ಭ್ರಷ್ಟಾಚಾರವನ್ನು ಫಿಟ್ಜ್‌ಜೆರಾಲ್ಡ್ ವಿಚಾರಣೆ ಬಯಲಿಗೆಳೆದ ವರ್ಷ ಅದು. ಆಶ್‌ಗ್ರೋವ್‌ನಲ್ಲಿ ಗೆದ್ದವರು ಗ್ರೀಸ್‌ನಲ್ಲಿ ಹುಟ್ಟಿದ ಜಿಮ್ ಫೋರಾಸ್. ಅವರು 2006ರ ತನಕ ಇದ್ದರು, ನಡುವೆ ಸ್ಪೀಕರ್ ಕೂಡ ಆಗಿದ್ದರು. ಅವರು ನಿವೃತ್ತಿಯಾದಾಗ ಲೇಬರ್‌ನಿಂದ ಬಂದವರು ಇನ್ನೂ ಇಪ್ಪತ್ತರ ಹರೆಯದಲ್ಲಿದ್ದ ಕೇಟ್ ಜೋನ್ಸ್.

ಅಂದರೆ 1983ರ ತನಕ ಲಿಬರಲ್ ಊರು, 1989ರಿಂದ ಈಚೆಗೆ ಲೇಬರ್ ಊರು. ನಡುವಿನ ಆರು ವರ್ಷ ಹಗ್ಗ ಜಗ್ಗಾಟ. ನಿಮಗೆ ಸಣ್ಣ ಉತ್ತರ ಸಾಕು ಅಂದರೆ ಇಲ್ಲಿಗೇ ನಿಲ್ಲಿಸಬಹುದು. ಆದರೆ ನಿಮ್ಮ ಪಕ್ಕದ ಮನೆಯವರು ಹೇಳಿದ್ದು ಮುಂದಿನ ಕಥೆ.

ಕ್ಯಾಂಪ್‌ಬೆಲ್ ನ್ಯೂಮನ್ 2004ರಿಂದ ಬ್ರಿಸ್ಬೇನಿನ ಲಾರ್ಡ್ ಮೇಯರ್. ನಮ್ಮೂರಿನ ಮೇಯರ್ ಥರ ವರ್ಷಕ್ಕೊಬ್ಬರು ಬದಲಾಗುವ ಹುದ್ದೆ ಅಲ್ಲ ಇದು. ಇಡೀ ನಗರ ನೇರವಾಗಿ ವೋಟು ಹಾಕಿ ಆರಿಸುತ್ತದೆ, ಅಧಿಕಾರವೂ ದೊಡ್ಡದು. ಅವರಿಗೆ "ಕ್ಯಾನ್ ಡೂ ಕ್ಯಾಂಪ್‌ಬೆಲ್" ಅಂತ ಅಡ್ಡಹೆಸರು. 2011ರ ಜನವರಿಯಲ್ಲಿ ದೊಡ್ಡ ಪ್ರವಾಹ ಬಂತು. ಏಪ್ರಿಲ್‌ನಲ್ಲಿ ಎಲ್‌ಎನ್‌ಪಿ ಅವರನ್ನು ನಾಯಕ ಮಾಡಿತು. ಲಿಬರಲ್ ಮತ್ತು ನ್ಯಾಷನಲ್ ಎರಡೂ 2008ರಲ್ಲಿ ಸೇರಿ ಆದ ಪಕ್ಷವೇ ಎಲ್‌ಎನ್‌ಪಿ. ತೊಡಕು ಏನೆಂದರೆ, ನ್ಯೂಮನ್ ಆಗ ಶಾಸಕರೇ ಅಲ್ಲ. ಶಾಸನಸಭೆಯ ಹೊರಗೆ ಕೂತು ಪಕ್ಷ ನಡೆಸಿದರು. ಸ್ಪರ್ಧಿಸಲು ಆರಿಸಿಕೊಂಡಿದ್ದು ಆಶ್‌ಗ್ರೋವ್. ಕೇಟ್ ಜೋನ್ಸ್ ಆಗ ಪರಿಸರ ಮಂತ್ರಿ. ಕ್ಷೇತ್ರ ಉಳಿಸಿಕೊಳ್ಳಬೇಕು ಅಂತ ಮಂತ್ರಿಗಿರಿಯನ್ನೇ ಬಿಟ್ಟು ಮನೆ ಮನೆ ಸುತ್ತಿದರು.

ಎಲ್‌ಎನ್‌ಪಿ ರಾಜ್ಯ ಗೆದ್ದು, ನ್ಯೂಮನ್ ಆಶ್‌ಗ್ರೋವ್ ಸೋತರೆ ಪ್ರೀಮಿಯರ್ ಯಾರು? ಆ ವರ್ಷ ಲೇಬರ್ ಎತ್ತಿ ಎತ್ತಿ ಕೇಳಿದ ಪ್ರಶ್ನೆ ಇದು. ನಮ್ಮಲ್ಲಾದರೆ ಇದಕ್ಕೊಂದು ದಾರಿ ಇದೆ. 2018ರಲ್ಲಿ ಸಿದ್ದರಾಮಯ್ಯ ಚಾಮುಂಡೇಶ್ವರಿಯಲ್ಲಿ ಸೋತರೂ ಬಾದಾಮಿಯಿಂದ ಗೆದ್ದು ಬಂದರು. ಇಲ್ಲಿ ಎರಡು ಕಡೆ ನಿಲ್ಲುವ ಹಾಗಿಲ್ಲ. ವಿಧಾನ ಪರಿಷತ್ತಿನ ಹಿಂಬಾಗಿಲೂ ಇಲ್ಲ, ಯಾಕೆಂದರೆ ಕ್ವೀನ್ಸ್‌ಲೆಂಡ್ ತನ್ನ ಮೇಲ್ಮನೆಯನ್ನು 1922ರಲ್ಲೇ ಮುಚ್ಚಿಬಿಟ್ಟಿತು.

2012ರ ಮಾರ್ಚ್ 24ರಂದು ನ್ಯೂಮನ್ ಗೆದ್ದರು. ರಾಜ್ಯದಲ್ಲಿ 89ಕ್ಕೆ 78 ಸೀಟು ಎಲ್‌ಎನ್‌ಪಿಗೆ, ಲೇಬರ್‌ಗೆ ಬರೀ 7. ಕ್ರಿಕೆಟ್ ಟೀಮಿಗೂ ಜನ ಸಾಲದು. ಒಂದು ಟರಾಗೋ ವ್ಯಾನಿನಲ್ಲಿ ಇಡೀ ಪಕ್ಷ ಕೂರಬಹುದು ಅನ್ನುವ ಜೋಕು ಆಗ ಓಡಾಡಿತು.

ಎಲ್ಲರೂ ಇದನ್ನು ನ್ಯೂಮನ್ ಅವರ ವೈಯಕ್ತಿಕ ಗೆಲುವು ಅಂದುಕೊಂಡರು. ನಾನೂ ಹಾಗೇ ನಂಬಿದ್ದೆ. ಆಮೇಲೆ ಒಂದು ಭಾನುವಾರ ಸುಮ್ನೆ ಅಂಕಿ ಜೋಡಿಸಿ ನೋಡಿದೆ. ಅಲ್ಲಿ ಬೇರೆಯೇ ಚಿತ್ರ ಕಂಡಿತು.

ಇಲ್ಲಿ ಫಲಿತಾಂಶವನ್ನು ಕೊನೆಗೆ ಎರಡು ಪಕ್ಷಗಳ ನಡುವಿನ ಶೇಕಡಾವಾರಿನಲ್ಲಿ ಹೇಳುತ್ತಾರೆ. ಮಿಕ್ಕ ಅಭ್ಯರ್ಥಿಗಳನ್ನು ತೆಗೆದು, ಅವರ ಮತದಾರರ ಮುಂದಿನ ಪ್ರಾಶಸ್ತ್ಯ ಹಂಚಿದ ಮೇಲೆ ಉಳಿಯುವ ಲೆಕ್ಕ. ನಮ್ಮ ಪದವೀಧರ ಕ್ಷೇತ್ರದ ಚುನಾವಣೆಯಲ್ಲಿ 1, 2, 3 ಅಂತ ಬರೆದಿದ್ದರೆ ನಿಮಗೆ ಇದು ಹೊಸದಲ್ಲ. 2009ರಲ್ಲಿ ಕೇಟ್ ಜೋನ್ಸ್‌ಗೆ ಆಶ್‌ಗ್ರೋವ್‌ನಲ್ಲಿ ಶೇ 57.1 ಬಂದಿತ್ತು. ಇಡೀ ರಾಜ್ಯದಲ್ಲಿ ಲೇಬರ್‌ಗೆ ಇದ್ದಿದ್ದು ಅಂದಾಜು 50.9. 2012ರಲ್ಲಿ ಆಶ್‌ಗ್ರೋವ್‌ನಲ್ಲಿ ಅದು 44.3ಕ್ಕೆ ಇಳಿಯಿತು, ರಾಜ್ಯದಲ್ಲಿ ಅಂದಾಜು 37.2ಕ್ಕೆ. ಕಳೆದು ನೋಡಿ. ಆಶ್‌ಗ್ರೋವ್‌ನಲ್ಲಿ ಲೇಬರ್ ಕಳೆದುಕೊಂಡಿದ್ದು 12.8. ರಾಜ್ಯದಲ್ಲಿ ಕಳೆದುಕೊಂಡಿದ್ದು 13.7.

ಅಂದರೆ ಭಾವೀ ಪ್ರೀಮಿಯರ್ ಸ್ವತಃ ನಿಂತ ಕ್ಷೇತ್ರದಲ್ಲೂ ಎಲ್‌ಎನ್‌ಪಿಗೆ ರಾಜ್ಯದ ಸರಾಸರಿಯಷ್ಟೂ ಏರಿಕೆ ಸಿಗಲಿಲ್ಲ. ಅದು ಕೇಟ್ ಅವರ ದುಡಿಮೆಯ ಫಲ ಅಂತ ನನ್ನ ಅನಿಸಿಕೆ. ಎಲ್‌ಎನ್‌ಪಿ ಅಲೆಯ ನೀರು ಲೇಬರ್‌ನ ಎಲ್ಲರ ಮನೆಗೂ ನುಗ್ಗಿತು, ಕೇಟ್ ಮನೆಗೆ ಒಂದು ಮೆಟ್ಟಿಲು ಕಡಿಮೆ ಅಷ್ಟೇ. ಇನ್ನೊಂದು ವಿಷಯ ನೋಡಿ. ಅಂಥ ಅಲೆಯಲ್ಲೂ ನ್ಯೂಮನ್ ಕೈಗೆ ಬಂದ ಮಾರ್ಜಿನ್, ಅಂದರೆ 50ರ ಮೇಲೆ ಸಿಕ್ಕಿದ್ದು, ಬರೀ 5.7. ರಾಜ್ಯದಲ್ಲಿ ಅವರ ಪಕ್ಷ 62.8 ತೆಗೆದಿರುವಾಗ ನಾಯಕನ ಸ್ವಂತ ಸೀಟು 55.7. ಅಲೆ ಇಳಿದರೆ ಮೊದಲು ಒಣಗುವ ಜಾಗ ಯಾವುದು ಅಂತ ಆವತ್ತೇ ಹೇಳಬಹುದಿತ್ತು.

ಅಲೆ ಬೇಗನೇ ಇಳಿಯಿತು. ಸರ್ಕಾರಿ ನೌಕರರು ಹೆದರಬೇಕಾಗಿಲ್ಲ ಅಂತ ಚುನಾವಣೆಗೆ ಮುಂಚೆ ಹೇಳಿದ್ದ ನ್ಯೂಮನ್, ಗೆದ್ದ ಮೇಲೆ ಸುಮಾರು 14,000 ಸರ್ಕಾರಿ ಹುದ್ದೆ ಕಡಿತ ಮಾಡಿದರು. ಆಶ್‌ಗ್ರೋವ್ ಬ್ರಿಸ್ಬೇನಿನ ನಡುವಿನಿಂದ ನಾಲ್ಕೈದು ಕಿಲೋಮೀಟರ್ ದೂರ ಅಷ್ಟೇ. ಇಲ್ಲಿಂದ ಬಸ್ ಹತ್ತಿ ಸರ್ಕಾರಿ ಕಚೇರಿಗೆ ಹೋಗುವವರು ತುಂಬಾ ಜನ. ನಮ್ಮ ಬೀದಿಯಲ್ಲೇ ಇಬ್ಬರ ಕೆಲಸ ಹೋಯಿತು. ಬಂದರು, ವಿದ್ಯುತ್ ಕಂಪನಿಗಳನ್ನು ದೀರ್ಘ ಲೀಸ್‌ಗೆ ಕೊಡುವ ಯೋಜನೆ ಇನ್ನೊಂದು ಕಡೆ ಸಿಟ್ಟು ಎಬ್ಬಿಸಿತು. 2014ರ ಜುಲೈನಲ್ಲಿ ಹತ್ತಿರದ ಸ್ಟ್ಯಾಫರ್ಡ್ ಉಪಚುನಾವಣೆಯಲ್ಲಿ ಲೇಬರ್ ಕಡೆಗೆ ಸುಮಾರು 19 ಶೇಕಡಾ ಸ್ವಿಂಗ್ ಆಯಿತು. ಕೇಟ್ ಮತ್ತೆ ಆಶ್‌ಗ್ರೋವ್‌ಗೇ ನಿಂತರು.

ಚುನಾವಣೆ ಘೋಷಣೆಯಾಗಿದ್ದು 2015ರ ಜನವರಿ 6ಕ್ಕೆ. ಅರ್ಧ ಊರು ಸಮುದ್ರ ತೀರದಲ್ಲಿ ರಜೆಯಲ್ಲಿತ್ತು. ಮತದಾನ 31ಕ್ಕೆ, ಶನಿವಾರ. ನಾನು ಬೆಳಿಗ್ಗೆಯೇ ಸ್ಕೂಲ್ ಮುಂದಿನ ಸಾಲಿನಲ್ಲಿ ನಿಂತೆ. ಒಂದು ಕೈಯಲ್ಲಿ ಡ್ರೈವಿಂಗ್ ಲೈಸೆನ್ಸ್, ಯಾಕೆಂದರೆ ಆ ಚುನಾವಣೆಗೆ ಗುರುತಿನ ದಾಖಲೆ ತೋರಿಸುವ ನಿಯಮ ತಂದಿದ್ದರು (ಆಮೇಲೆ ಅದನ್ನು ತೆಗೆದರು). ಇನ್ನೊಂದು ಕೈಯಲ್ಲಿ ಪಕ್ಷಗಳ ಕಾರ್ಯಕರ್ತರು ತುರುಕಿದ ಚೀಟಿಗಳು, ಹೇಗೆ ನಂಬರ್ ಹಾಕಬೇಕು ಅಂತ. ಪಕ್ಕದಲ್ಲಿ ಸಾಸೇಜ್ ಸುಡುವ ವಾಸನೆ. ನಾನು ಸಸ್ಯಾಹಾರಿ, ಬ್ರೆಡ್ಡಿಗೆ ಬರೀ ಈರುಳ್ಳಿ ಹಾಕಿಸಿಕೊಂಡೆ. ಊರಲ್ಲಿ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಅಭ್ಯಾಸ. ಇಲ್ಲಿ ಏನೂ ಇಲ್ಲ, ಪಟ್ಟಿಯಲ್ಲಿ ಹೆಸರಿನ ಮುಂದೆ ಗೆರೆ ಎಳೆದು ಕಳಿಸಿದರು. ಹೊರಗೆ ಬಂದ ಮೇಲೂ ಬೆರಳು ನೋಡಿಕೊಂಡೆ.

ಆ ಸಲ ಒಂದು ಸೂಕ್ಷ್ಮ ಇತ್ತು. ಕ್ವೀನ್ಸ್‌ಲೆಂಡ್‌ನಲ್ಲಿ 1992ರಿಂದ 2016ರ ತನಕ ಎಲ್ಲಾ ಚೌಕಗಳಿಗೂ ನಂಬರ್ ಹಾಕುವುದು ಕಡ್ಡಾಯ ಇರಲಿಲ್ಲ. 1 ಅಂತ ಒಂದು ಕಡೆ ಬರೆದರೂ ಸಾಕು. ಪರಿಸರವಾದಿ ಪಕ್ಷವಾದ ಗ್ರೀನ್ಸ್‌ಗೆ 1 ಹಾಕಿ ಸುಮ್ಮನಾದವರ ಮತ ಲೇಬರ್‌ಗೆ ದಾಟುತ್ತಿರಲಿಲ್ಲ. 2015ರಲ್ಲಿ ಯೂನಿಯನ್‌ಗಳು "ಎಲ್ಲಾ ಚೌಕ ತುಂಬಿ, ಎಲ್‌ಎನ್‌ಪಿಯನ್ನು ಕೊನೆಗೆ ಇಡಿ" ಅಂತ ಬಾಗಿಲಲ್ಲೇ ನಿಂತು ಹೇಳಿದರು. ಗ್ರೀನ್ಸ್ ಮತದಾರರು ಮಾತು ಕೇಳಿದರು. ಆಶ್‌ಗ್ರೋವ್‌ನಂಥ ಮರ, ಬೆಟ್ಟ, ವಿದ್ಯಾವಂತ ಕುಟುಂಬಗಳ ಏರಿಯಾದಲ್ಲಿ ಗ್ರೀನ್ಸ್ ವೋಟು ಚಿಲ್ಲರೆ ಅಲ್ಲ.

ರಾತ್ರಿ ಊಟಕ್ಕೆ ಕೂರುವ ಹೊತ್ತಿಗೆ ಆಶ್‌ಗ್ರೋವ್ ಕಥೆ ಮುಗಿದಿತ್ತು. ನ್ಯೂಮನ್ ಬಂದು ಸೋಲು ಒಪ್ಪಿಕೊಂಡರು, ತಮ್ಮ ರಾಜಕೀಯ ಜೀವನ ಮುಗಿಯಿತು ಅಂದರು. ರಾಜ್ಯದಲ್ಲಿ ಯಾರು ಸರ್ಕಾರ ಮಾಡುತ್ತಾರೆ ಅನ್ನುವುದು ಗೊತ್ತಾಗಲು ಇನ್ನೂ ಎರಡು ವಾರ ಹಿಡಿಯಿತು. ಲೇಬರ್ 44, ಎಲ್‌ಎನ್‌ಪಿ 42. ಒಬ್ಬ ಪಕ್ಷೇತರರ ಬೆಂಬಲದಿಂದ ಲೇಬರ್ ನಾಯಕಿ ಅನಸ್ತೇಸಿಯಾ ಪಲಶೇ ಪ್ರೀಮಿಯರ್ ಆದರು.

ಈಗ ಮತ್ತೆ ಅದೇ ಲೆಕ್ಕ. ಆಶ್‌ಗ್ರೋವ್‌ನಲ್ಲಿ ಕೇಟ್‌ಗೆ 55ರ ಆಸುಪಾಸು ಬಂತು, ಅಂದರೆ ಸುಮಾರು 11ರ ಏರಿಕೆ. ರಾಜ್ಯದಲ್ಲಿ ಲೇಬರ್ ಅಂದಾಜು 51.1ಕ್ಕೆ ಏರಿತ್ತು, ಸುಮಾರು 14ರ ಏರಿಕೆ. ಸೋತ ಪ್ರೀಮಿಯರ್ ತಮ್ಮ ಸೀಟಿನಲ್ಲಿ ಪಕ್ಷದ ಸರಾಸರಿಗಿಂತ ಕಡಿಮೆ ಕಳೆದುಕೊಂಡಿದ್ದರು! ಇಲ್ಲಿನವರು ಅವರನ್ನು ವಿಶೇಷವಾಗಿ ದ್ವೇಷಿಸಿದರು ಅಂತ ನಿಮ್ಮ ಪಕ್ಕದ ಮನೆಯವರು ಹೇಳಿದರೆ ನಂಬಬೇಡಿ. 2009, 2012, 2015 ಮೂರೂ ಸಲ ಕ್ಷೇತ್ರದ ಗಡಿ ಒಂದೇ. ಮೂರೂ ಸಲ ಇಲ್ಲಿ ಲೇಬರ್ ರಾಜ್ಯದ ಲೆಕ್ಕಕ್ಕಿಂತ 4ರಿಂದ 7 ಶೇಕಡಾ ಮೇಲಿದೆ. ರಾಜ್ಯ ಸಮಬಲದಲ್ಲಿದ್ದರೆ ಆಶ್‌ಗ್ರೋವ್ ಲೇಬರ್‌ಗೆ. ಅದನ್ನು ಉಳಿಸಿಕೊಳ್ಳಲು ಎಲ್‌ಎನ್‌ಪಿಗೆ ಪ್ರತಿ ಸಲವೂ ಅಲೆ ಬೇಕಿತ್ತು. ನ್ಯೂಮನ್ ಅವರ ತಪ್ಪು 2015ರದ್ದಕ್ಕಿಂತ ಜಾಸ್ತಿ 2011ರದ್ದು. ಸೀಟು ಆರಿಸಿಕೊಂಡ ದಿನದ್ದು.

ಇದಕ್ಕೆ ಮುಂಚೆ ಹೀಗೆ ಕುರ್ಚಿಯಲ್ಲಿದ್ದಾಗಲೇ ತನ್ನ ಸೀಟು ಕಳೆದುಕೊಂಡ ಕ್ವೀನ್ಸ್‌ಲೆಂಡ್ ಪ್ರೀಮಿಯರ್ ಡಿಗ್ಬಿ ಡೆನ್‌ಹ್ಯಾಮ್, ಸರಿಯಾಗಿ ನೂರು ವರ್ಷ ಹಿಂದೆ, 1915ರಲ್ಲಿ, ಆಕ್ಸ್‌ಲಿ ಕ್ಷೇತ್ರದಲ್ಲಿ. ಆಸ್ಟ್ರೇಲಿಯಾದಲ್ಲೇ ಮೊದಲ ಸಲ ಮತದಾನ ಕಡ್ಡಾಯ ಮಾಡಿದ್ದು ಆ ಮನುಷ್ಯನ ಸರ್ಕಾರ. ಆ ಕಾನೂನು ಜಾರಿಯಾದ ಮೊದಲ ಚುನಾವಣೆಯಲ್ಲೇ ಅವರು ಮನೆಗೆ ಹೋದರು. ನೀವೂ ಪೌರತ್ವ ತೆಗೆದುಕೊಂಡ ಮೇಲೆ ವೋಟು ಹಾಕದಿದ್ದರೆ ದಂಡದ ನೋಟಿಸ್ ಬರುತ್ತದಲ್ಲ, ಅದರ ಮೂಲ ಇಲ್ಲೇ ಇದೆ.

2017ರಲ್ಲಿ ಸೀಟುಗಳನ್ನು 89ರಿಂದ 93ಕ್ಕೆ ಏರಿಸಿ ಗಡಿಗಳನ್ನು ಮತ್ತೆ ಎಳೆದರು. ಆಶ್‌ಗ್ರೋವ್ ಹೆಸರು ಹೋಗಿ ಕೂಪರ್ ಬಂತು. ಕ್ವೀನ್ಸ್‌ಲೆಂಡ್‌ನಲ್ಲಿ ನೋಂದಣಿಯಾದ ಮೊದಲ ಮಹಿಳಾ ವೈದ್ಯೆ ಲಿಲಿಯನ್ ಕೂಪರ್ ಅವರ ಹೆಸರು. ಕೇಟ್ ಅಲ್ಲೂ ಗೆದ್ದು 2020ರಲ್ಲಿ ನಿವೃತ್ತಿಯಾದರು. 2020ರಲ್ಲೂ 2024ರಲ್ಲೂ ಗೆದ್ದವರು ಲೇಬರ್‌ನ ಜಾಂಟಿ ಬುಷ್. 2024ರಲ್ಲಿ ರಾಜ್ಯ ಎಲ್‌ಎನ್‌ಪಿ ಕಡೆ ಹೋದರೂ ಈ ಸೀಟು ಹೋಗಲಿಲ್ಲ. ಹೊಸ ಫಲಿತಾಂಶ ಹುಡುಕುವಾಗ ಆಶ್‌ಗ್ರೋವ್ ಅಂತ ಟೈಪ್ ಮಾಡಬೇಡಿ, ಕೂಪರ್ ಅಂತ ಹುಡುಕಿ.