ಹಡಗು ಮುಳುಗುವಾಗ ಮೊದಲು ಯಾರನ್ನು ಕಾಪಾಡಬೇಕು?

ನೀವು ಒಂದೇ ಉಸಿರಿನಲ್ಲಿ ಮೂರು ಪ್ರಶ್ನೆ ಕೇಳಿದ್ದೀರಿ. ‘ಹೆಂಗಸರು, ಮಕ್ಕಳು ಮೊದಲು’ ಅನ್ನುವುದು ಸಮುದ್ರದ ಕಾನೂನೇ? ಕ್ಯಾಪ್ಟನ್ ಕೊನೆಯಲ್ಲೇ ಇಳಿಯಬೇಕೇ? ಮುಂದಿನ ತಿಂಗಳು ಮಂಡಿ ನೋವಿರುವ ಅಮ್ಮ, ನಾಲ್ಕು ವರ್ಷದ ಮಗಳ ಜೊತೆ ಗಂಡ ಹೆಂಡತಿ ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹಡಗಿನಲ್ಲಿ ಹೊರಟಿದ್ದೀರಿ, ಏನಾದರೂ ಆದರೆ ಯಾರನ್ನು ಮೊದಲು ಹಿಡಿದುಕೊಳ್ಳಬೇಕು?

ನಾನು ಸರಕು ಹಡಗಿನಲ್ಲಿ ಡೆಕ್ ಆಫೀಸರ್. ಊರು ಕುಂದಾಪುರದ ಕಡೆ. ಥರ್ಡ್ ಆಫೀಸರ್ ಆಗಿದ್ದಾಗ ಲೈಫ್‌ಬೋಟ್, ರಾಫ್ಟ್ (ತುರ್ತಿಗೆ ಗಾಳಿ ತುಂಬುವ ತೆಪ್ಪ), ಲೈಫ್ ಜಾಕೆಟ್ ಎಲ್ಲದರ ಉಸ್ತುವಾರಿ ನನ್ನದೇ ಇತ್ತು. ಪ್ರಯಾಣಿಕರ ಹಡಗಿನಲ್ಲಿ ಕೆಲಸ ಮಾಡಿದವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕಾನೂನಿನ ಉತ್ತರ ಚಿಕ್ಕದು. ಅಂಥ ಕಾನೂನು ಇಲ್ಲ. ಹಡಗುಗಳ ಸುರಕ್ಷತೆಗೆ ಸೋಲಾಸ್ ಅನ್ನುವ ಅಂತಾರಾಷ್ಟ್ರೀಯ ಒಪ್ಪಂದ ಇದೆ. ಲೈಫ್‌ಬೋಟ್‌ನಲ್ಲಿ ತಲೆಗೆ ಎಷ್ಟು ಲೀಟರ್ ಕುಡಿಯುವ ನೀರು ಇರಬೇಕು ಅನ್ನುವುದನ್ನೂ ಅದು ಹೇಳುತ್ತದೆ. ಆದರೆ ಹೆಂಗಸರು ಮೊದಲು ಹತ್ತಬೇಕು, ಗಂಡಸರು ಆಮೇಲೆ ಅಂತ ಎಲ್ಲೂ ಹೇಳಿಲ್ಲ.

ಹಾಗಾದರೆ ಈ ಮಾತು ಎಲ್ಲಿಂದ ಬಂತು? ಸಾಮಾನ್ಯವಾಗಿ ಕೊಡುವ ಉದಾಹರಣೆ ಬರ್ಕನ್‌ಹೆಡ್ ಹಡಗಿನದು. 1852ರ ಫೆಬ್ರವರಿಯಲ್ಲಿ ಬ್ರಿಟಿಷ್ ಸೈನಿಕರನ್ನು ಹೊತ್ತಿದ್ದ ಈ ಹಡಗು ದಕ್ಷಿಣ ಆಫ್ರಿಕಾದ ಡೇಂಜರ್ ಪಾಯಿಂಟ್ ಹತ್ತಿರ ರಾತ್ರಿ ಬಂಡೆಗೆ ಬಡಿಯಿತು. ನೀರಿಗಿಳಿಸಲು ಆದದ್ದು ಕೆಲವೇ ದೋಣಿ. ಹೆಂಗಸರು, ಮಕ್ಕಳನ್ನು ಅದರಲ್ಲಿ ಕಳಿಸಿದರು. ಎಲ್ಲರೂ ಈಜಿ ಹೋಗಿ ದೋಣಿ ಹಿಡಿದರೆ ಅದೂ ಮಗುಚುತ್ತದೆ ಅಂತ ಸೈನಿಕರನ್ನು ಡೆಕ್ ಮೇಲೆಯೇ ನಿಲ್ಲಿಸಿದರು. ಅವರು ನಿಂತರು. ಹೆಂಗಸರು, ಮಕ್ಕಳೆಲ್ಲ ಬದುಕಿದರು. ಹಡಗಿನಲ್ಲಿದ್ದ ಸುಮಾರು 640 ಜನರಲ್ಲಿ ಒಟ್ಟು ಉಳಿದವರು 193 ಮಂದಿ.

ಇದು ಎಲ್ಲರಿಗೂ ಗೊತ್ತಿರುವ ಕಥೆ. ಎರಡೇ ವರ್ಷ ಬಿಟ್ಟು ನಡೆದದ್ದನ್ನು ಜಾಸ್ತಿ ಜನ ಹೇಳುವುದಿಲ್ಲ. 1854ರಲ್ಲಿ ಆರ್ಕ್ಟಿಕ್ ಎಂಬ ಅಮೆರಿಕದ ಹಡಗು ನ್ಯೂಫೌಂಡ್‌ಲ್ಯಾಂಡ್ ಬಳಿ ಮಂಜಿನಲ್ಲಿ ಇನ್ನೊಂದು ಹಡಗಿಗೆ ಡಿಕ್ಕಿ ಹೊಡೆದು ಮುಳುಗಿತು. ದೋಣಿಗಳನ್ನು ಹೆಚ್ಚಾಗಿ ಹಡಗಿನ ಕೆಲಸದವರೇ ಹಿಡಿದುಕೊಂಡು ಹೋದರು. ಒಬ್ಬ ಹೆಂಗಸೂ ಬದುಕಲಿಲ್ಲ, ಒಂದು ಮಗುವೂ ಬದುಕಲಿಲ್ಲ.

ಈ ಎರಡರಲ್ಲಿ ಯಾವುದು ಸಾಮಾನ್ಯ, ಯಾವುದು ಅಪರೂಪ? ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಇಬ್ಬರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ನೋಡಿದ್ದಾರೆ. 1852ರಿಂದ 2011ರವರೆಗಿನ 18 ಹಡಗು ದುರಂತಗಳ ಪಟ್ಟಿ ತೆಗೆದು 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದರಲ್ಲಿ ಅತಿ ಹೆಚ್ಚು ಬದುಕಿದವರು ಸಿಬ್ಬಂದಿ, ನೂರಕ್ಕೆ ಸುಮಾರು 61. ಪ್ರಯಾಣಿಕರಲ್ಲಿ ಗಂಡಸರು 37. ಹೆಂಗಸರು 27. ಮಕ್ಕಳು ಬರೀ 15. ಟೈಟಾನಿಕ್ ಮತ್ತು ಬರ್ಕನ್‌ಹೆಡ್ ಎರಡೂ ಈ ಲೆಕ್ಕಕ್ಕೆ ಉಲ್ಟಾ ಹೋದ ಹಡಗುಗಳು. ನಮಗೆ ಅವೇ ನೆನಪಿರುವುದು.

ಟೈಟಾನಿಕ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಯಾರನ್ನು ಮೊದಲು ಹತ್ತಿಸಬೇಕು ಎಂಬ ತಕರಾರು ಪೂರ್ತಿ ಅಲ್ಲೇ ಸಿಗುತ್ತದೆ. ಹಡಗಿನಲ್ಲಿದ್ದವರು ಸುಮಾರು 2,200. ಇದ್ದ 20 ದೋಣಿಗಳಲ್ಲಿ ಜಾಗ 1,178 ಜನರಿಗೆ. ಇದರಲ್ಲಿ ಕಾನೂನು ಮುರಿದದ್ದೇನೂ ಇಲ್ಲ. ಅಂದಿನ ಬ್ರಿಟಿಷ್ ನಿಯಮ ಜನರನ್ನು ಎಣಿಸುತ್ತಿರಲಿಲ್ಲ, ಟನ್ ಎಣಿಸುತ್ತಿತ್ತು. 10,000 ಟನ್ ದಾಟಿದ ಹಡಗಿಗೆ 16 ದೋಣಿ ಇದ್ದರೆ ಆಯಿತು. ಟೈಟಾನಿಕ್ 46,000 ಟನ್ನಿನದು.

ಹೆಂಗಸರು, ಮಕ್ಕಳನ್ನು ಹತ್ತಿಸಿ ಇಳಿಸಿ ಅಂತ ಕ್ಯಾಪ್ಟನ್ ಆದೇಶ ಕೊಟ್ಟರು. ಎಡಗಡೆಯ ದೋಣಿಗಳ ಹತ್ತಿರ ಸೆಕೆಂಡ್ ಆಫೀಸರ್ ಲೈಟಾಲರ್ ಇದ್ದರು. ಹುಟ್ಟು ಹಾಕಲು ಬೇಕಾದವರನ್ನು ಬಿಟ್ಟರೆ ಅವರು ಗಂಡಸರನ್ನು ಹತ್ತಿಸಲೇ ಇಲ್ಲ, ಸೀಟು ಖಾಲಿ ಇದ್ದರೂ ದೋಣಿ ಇಳಿಸಿದರು. ಬಲಗಡೆ ಫಸ್ಟ್ ಆಫೀಸರ್ ಮರ್ಡಾಕ್. ಹತ್ತಿರದಲ್ಲಿ ಹೆಂಗಸರು ಕಾಣದಿದ್ದರೆ ಅವರು ಗಂಡಸರನ್ನೂ ಕೂರಿಸಿದರು. ಒಂದೇ ಹಡಗು, ಒಂದೇ ಆದೇಶ. ಒಬ್ಬ ಗಂಡಸು ಆ ರಾತ್ರಿ ಡೆಕ್ಕಿನ ಯಾವ ಬದಿಗೆ ಹೋದ ಅನ್ನುವುದರ ಮೇಲೆ ಅವನ ಜೀವ ನಿಂತಿತ್ತು. ನನ್ನನ್ನು ಕೇಳಿದರೆ ಮರ್ಡಾಕ್ ಮಾಡಿದ್ದೇ ಸರಿ. ಖಾಲಿ ಸೀಟಿನಿಂದ ಯಾವ ಹೆಂಗಸೂ ಬದುಕುವುದಿಲ್ಲ.

ಇನ್ನೊಂದು ವಿಷಯ ನೋಡಿ. ಮೊದಲು ಇಳಿದ ದೋಣಿಯಲ್ಲಿ 65 ಜನರಿಗೆ ಜಾಗ ಇತ್ತು, ಹೋದವರು ಸುಮಾರು 28. ದೀಪ ಉರಿಯುತ್ತಿರುವ ಬೆಚ್ಚಗಿನ ದೊಡ್ಡ ಹಡಗನ್ನು ಬಿಟ್ಟು ಕತ್ತಲಲ್ಲಿ ನೇತಾಡುವ ಸಣ್ಣ ದೋಣಿಗೆ ಯಾರು ಹತ್ತುತ್ತಾರೆ ಹೇಳಿ? ಜನ ಹೆದರಿ ನುಗ್ಗುವ ಹೊತ್ತಿಗೆ ಅರ್ಧ ದೋಣಿಗಳು ಹೋಗಿಯಾಗಿರುತ್ತವೆ. ಕೊನೆಗೆ 400ಕ್ಕೂ ಜಾಸ್ತಿ ಜಾಗ ಹಾಗೇ ವ್ಯರ್ಥವಾಯಿತು. ಇನ್ನು ಹೆಂಗಸರಾದರೂ ಎಲ್ಲರೂ ಬದುಕಿದರೇ? ಫಸ್ಟ್ ಕ್ಲಾಸಿನ ಹೆಂಗಸರಲ್ಲಿ ನೂರಕ್ಕೆ 97 ಮಂದಿ ಉಳಿದರು. ಥರ್ಡ್ ಕ್ಲಾಸಿನವರಲ್ಲಿ ಅರ್ಧದಷ್ಟೂ ಇಲ್ಲ. ಥರ್ಡ್ ಕ್ಲಾಸಿನ ಮಕ್ಕಳಲ್ಲಿ ಮೂರರಲ್ಲಿ ಒಂದು ಮಗು. ದೋಣಿಗಳು ಮೇಲಿನ ಡೆಕ್ಕಿನಲ್ಲಿ, ಅವರು ಕೆಳಗೆ. ಅಲ್ಲಿಗೆ ಬಂದು ಮುಟ್ಟಿದವರಿಗಷ್ಟೇ ಸರದಿ.

ಟೈಟಾನಿಕ್‌ಗೆ ಇದನ್ನೆಲ್ಲ ಮಾಡಲು ಎರಡೂವರೆ ಗಂಟೆಗೂ ಮೀರಿ ಸಮಯ ಇತ್ತು. 1915ರಲ್ಲಿ ಟಾರ್ಪೆಡೊ ಹೊಡೆತಕ್ಕೆ ಮುಳುಗಿದ ಲುಸಿಟೇನಿಯಾಗೆ ಸಿಕ್ಕಿದ್ದು 18 ನಿಮಿಷ. ದೋಣಿಗಳು 48 ಇದ್ದವು, ಸರಿಯಾಗಿ ನೀರಿಗಿಳಿದದ್ದು ಆರು. ಹಡಗು ಒಂದು ಬದಿಗೆ ವಾಲಿದರೆ ಒಂದು ಕಡೆಯ ದೋಣಿ ಹಡಗಿಗೇ ಉಜ್ಜುತ್ತದೆ, ಇನ್ನೊಂದು ಕಡೆಯದು ಕೈಗೆ ಎಟುಕದಷ್ಟು ದೂರ ನೇತಾಡುತ್ತದೆ. 1994ರಲ್ಲಿ ಬಾಲ್ಟಿಕ್ ಸಮುದ್ರದಲ್ಲಿ ಎಸ್ಟೋನಿಯಾ ಎಂಬ ಫೆರಿ ರಾತ್ರಿ ಬೇಗ ವಾಲಿ ಮುಳುಗಿತು. 852 ಜನ ಸತ್ತರು, 137 ಜನ ಉಳಿದರು. ಉಳಿದವರಲ್ಲಿ ಹೆಚ್ಚಿನವರು ಗಟ್ಟಿಮುಟ್ಟಾದ ಗಂಡಸರು. ಅಲ್ಲಿ ಯಾರೂ ಯಾರನ್ನೂ ಆರಿಸಲಿಲ್ಲ. ಓರೆಯಾದ ಮೆಟ್ಟಿಲನ್ನು ಕೈಯಲ್ಲಿ ಹಿಡಿದು ಮೇಲೆ ಬರಲು ಯಾರಿಗೆ ಶಕ್ತಿ ಇತ್ತೋ ಅವರು ಬಂದರು.

ನಮ್ಮ ಕರಾವಳಿಯದೂ ಇದೇ ಕಥೆ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡದ ಜಾತ್ರೆ ಮುಗಿಸಿ ಬರುತ್ತಿದ್ದವರ ದೋಣಿ ಮಗುಚಿ 16 ಜನ ತೀರಿಹೋದರು. ದೋಣಿಯಲ್ಲಿ ಹೆಚ್ಚು ಜನ ತುಂಬಿದ್ದರು. ಮಗುಚಿದ ದೋಣಿಯಲ್ಲಿ ಸರದಿ ಎಲ್ಲಿಂದ ಬರಬೇಕು? ಹತ್ತುವ ಮೊದಲೇ ಇಷ್ಟೇ ಜನ, ಎಲ್ಲರಿಗೂ ಜಾಕೆಟ್ ಅಂತ ದಡದಲ್ಲಿ ನಿಂತು ಹೇಳುವವರು ಬೇಕು.

ಹಡಗಿನ ಕಾನೂನು ಹಿಡಿದ ದಾರಿಯೂ ಅದೇ. ಯಾರು ಮೊದಲು ಅಂತ ಜಗಳ ಬರುವುದು ಜಾಗ ಸಾಲದಾಗ. ಟೈಟಾನಿಕ್ ಆದ ಮೇಲೆ 1914ರಲ್ಲಿ ಮೊದಲ ಸೋಲಾಸ್ ಒಪ್ಪಂದವಾಯಿತು, ಈಗಿರುವುದು 1974ರದ್ದು. ದೇಶ ದಾಟುವ ಪ್ರಯಾಣಿಕರ ಹಡಗಿನಲ್ಲಿ ಲೈಫ್‌ಬೋಟ್, ರಾಫ್ಟ್ ಸೇರಿ ಹಡಗಿನಲ್ಲಿರುವವರ ಒಂದೂಕಾಲು ಪಟ್ಟು ಜನರಿಗೆ ಜಾಗ ಇರಬೇಕು. ಎಲ್ಲರೂ ಜಾಕೆಟ್ ಹಾಕಿ ಸೇರಿದ ಮೇಲೆ, ಹಡಗು ಬಿಡುವ ಸಿಗ್ನಲ್ ಕೊಟ್ಟ 30 ನಿಮಿಷದೊಳಗೆ ಅಷ್ಟೂ ಜನರನ್ನು ಹೊತ್ತ ಬೋಟುಗಳು ನೀರಿಗಿಳಿಯಬೇಕು. ಯಾರಿಗೆ ನಡೆಯಲು ಆಗುವುದಿಲ್ಲವೋ ಅವರಿಗೆ ಸಹಾಯ ಮಾಡುವುದು ಸಿಬ್ಬಂದಿಯ ಕೆಲಸಗಳಲ್ಲಿ ಒಂದು. ಮುಸ್ಟರ್ ಲಿಸ್ಟ್ ಅಂತ ಗೋಡೆಗೆ ಅಂಟಿಸಿರುತ್ತಾರೆ. ಯಾರು ಕ್ಯಾಬಿನ್ ತಟ್ಟಬೇಕು, ಯಾರು ರೇಡಿಯೋ ತರಬೇಕು, ಯಾರು ಬೋಟ್ ಇಳಿಸಬೇಕು ಅನ್ನುವುದೆಲ್ಲ ಅದರಲ್ಲಿ ಇರುತ್ತದೆ.

ಸಿಬ್ಬಂದಿ ಮಾತ್ರ ಇರುವ ನಮ್ಮಂಥ ಹಡಗಿನಲ್ಲಿ ಕಷ್ಟ ಬೇರೆ ಥರದ್ದು. ಯಾರು ಮೊದಲು ಅನ್ನುವುದಲ್ಲ, ತಲೆ ಎಣಿಸಿದಾಗ ಒಂದಿಬ್ಬರು ಕಡಿಮೆ ಬಂದರೆ ಎಷ್ಟು ಹೊತ್ತು ಕಾಯಬೇಕು ಅನ್ನುವುದು. 2025ರ ಜೂನ್‌ನಲ್ಲಿ ವಾನ್ ಹೈ 503 ಎಂಬ ಕಂಟೇನರ್ ಹಡಗಿಗೆ ಕೇರಳದ ಆಚೆ ಬೆಂಕಿ ಬಿತ್ತಲ್ಲ, ನೆನಪಿರಬಹುದು. 22 ಜನರಲ್ಲಿ 18 ಮಂದಿ ಪಾರಾದರು, ನೌಕಾಪಡೆಯ ಹಡಗು ಅವರನ್ನು ಮಂಗಳೂರಿಗೆ ತಂದಿತು. ನಾಲ್ವರು ಸಿಗಲಿಲ್ಲ. ಒಳಗೆ ಯಾರೋ ಉಳಿದಿರಬಹುದು, ಹೊರಗೆ ಬೋಟ್‌ನಲ್ಲಿ ಉಳಿದವರು ಕೂತಿದ್ದಾರೆ, ಬೆಂಕಿ ಹತ್ತಿರ ಬರುತ್ತಿದೆ ಅನ್ನುವ ಗಳಿಗೆ ಯಾವ ಕ್ಯಾಪ್ಟನ್‌ಗೂ ಬರಬಾರದು. ಅದಕ್ಕೆ ಪುಸ್ತಕದಲ್ಲಿ ಉತ್ತರ ಇಲ್ಲ.

ಈಗ ಕ್ಯಾಪ್ಟನ್ ವಿಷಯ. ಹಡಗಿನ ಜೊತೆ ಕ್ಯಾಪ್ಟನ್‌ನೂ ಮುಳುಗಬೇಕು ಅನ್ನುವುದು ಸಿನಿಮಾ ಮಾತು. ಯಾವ ಕಂಪನಿಯೂ, ಯಾವ ಸರ್ಕಾರವೂ ಅದನ್ನು ಕೇಳುವುದಿಲ್ಲ. ಆದರೆ ಜನ ಇನ್ನೂ ಹಡಗಿನಲ್ಲಿರುವಾಗ ಬಿಟ್ಟು ಹೋಗುವುದು ಬೇರೆ. 2012ರಲ್ಲಿ ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ತಾಗಿ 32 ಜನ ಸತ್ತರು. ಕ್ಯಾಪ್ಟನ್ ಸ್ಕೆಟ್ಟಿನೊ ಮೊದಲೇ ಇಳಿದಿದ್ದರು. 16 ವರ್ಷ ಜೈಲಾಯಿತು, ಹಡಗು ಬಿಟ್ಟು ಹೋದದ್ದೂ ಆರೋಪಗಳಲ್ಲಿ ಒಂದು. 2014ರಲ್ಲಿ ದಕ್ಷಿಣ ಕೊರಿಯಾದ ಸೆವೊಲ್ ಫೆರಿ ಇನ್ನೂ ಕೆಟ್ಟದ್ದು. ಶಾಲಾ ಪ್ರವಾಸಕ್ಕೆ ಹೊರಟ ಮಕ್ಕಳಿಗೆ ಇದ್ದಲ್ಲೇ ಇರಿ ಅಂತ ಮೈಕಿನಲ್ಲಿ ಹೇಳುತ್ತಲೇ ಇದ್ದರು. ಮಕ್ಕಳು ಹೇಳಿದ ಮಾತು ಕೇಳಿದರು. ಕ್ಯಾಪ್ಟನ್ ಮೊದಲು ಬಂದ ರಕ್ಷಣಾ ಬೋಟ್ ಹತ್ತಿ ಪಾರಾದರು. 304 ಜನ ಹೋದರು. ಕ್ಯಾಪ್ಟನ್‌ಗೆ ಜೀವಾವಧಿ ಶಿಕ್ಷೆಯಾಯಿತು.

ಕ್ಯಾಪ್ಟನ್ ಕೊನೆಯವರೆಗೆ ಇರಬೇಕು ಅನ್ನುವುದಕ್ಕೆ ನನ್ನ ಕಾರಣ ಮಾನ ಮರ್ಯಾದೆಯದ್ದಲ್ಲ. ಯಾವ ಬಾಗಿಲು ಎಲ್ಲಿ ತೆರೆಯುತ್ತದೆ, ಯಾವ ಬೋಟ್ ಇಳಿಯುತ್ತದೆ, ದಡದವರಿಗೆ ಏನು ಹೇಳಬೇಕು ಅನ್ನುವುದು ಗೊತ್ತಿರುವುದು ಅವರಿಗೆ. ಅವರು ಹೋದರೆ ಆ ತಿಳಿವಳಿಕೆಯೂ ಹೋಗುತ್ತದೆ. ಇದಕ್ಕೂ ಒಂದು ಅಪವಾದ ಇದೆ ಅನ್ನಿ. 1991ರಲ್ಲಿ ಓಷಿಯಾನೋಸ್ ಎಂಬ ಗ್ರೀಕ್ ಪ್ರವಾಸಿ ಹಡಗು ದಕ್ಷಿಣ ಆಫ್ರಿಕಾದ ಬಳಿ ಮುಳುಗುವಾಗ ಕ್ಯಾಪ್ಟನ್ ಬೇಗ ಹೆಲಿಕಾಪ್ಟರ್ ಹತ್ತಿದರು. ಹಡಗಿನಲ್ಲಿ ಹಾಡು, ಕುಣಿತದ ಕಾರ್ಯಕ್ರಮ ಕೊಡುತ್ತಿದ್ದ ಕಲಾವಿದರು ಹಡಗು ನಡೆಸುವ ಕೋಣೆ, ಅಂದರೆ ಬ್ರಿಡ್ಜ್‌ಗೆ ಹೋಗಿ ರೇಡಿಯೋ ಹಿಡಿದು, ಜನರನ್ನು ಒಬ್ಬೊಬ್ಬರಾಗಿ ಕಳಿಸಿದರು. ಅವರಲ್ಲಿ ಗಿಟಾರ್ ನುಡಿಸುವ ಮಾಸ್ ಹಿಲ್ಸ್ ಮುಂದೆ ನಿಂತಿದ್ದರು. 571 ಜನರೂ ಬದುಕಿದರು. ಅಪರೂಪದ ಅದೃಷ್ಟ ಅಂದರೆ ಇದು, ಇದನ್ನು ನಂಬಿ ಹಡಗು ನಡೆಸಲಾಗುವುದಿಲ್ಲ.

ಇಷ್ಟೂ ಹಡಗಿನಿಂದ ಇಳಿಸುವ ಮಾತು. ನೀರಿನಿಂದ ಎತ್ತುವಾಗ ನಿಜವಾಗಲೂ ಸರದಿ ಇದೆ, ಮತ್ತು ಅದು ಗಂಡು ಹೆಣ್ಣು ನೋಡುವುದಿಲ್ಲ. ರಾಫ್ಟ್‌ನಲ್ಲಿ ಕೂತವರು ಕಾಯಬಹುದು. ಜಾಕೆಟ್ ಹಾಕಿ ತೇಲುತ್ತಿರುವವರು ಸ್ವಲ್ಪ ಕಾಯಬಹುದು. ಜಾಕೆಟ್ ಇಲ್ಲದೆ ನೀರಿನಲ್ಲಿರುವವರು ಕಾಯಲಾಗುವುದಿಲ್ಲ. ಕೂಗುವವರಿಗೆ ಉಸಿರಿದೆ ಅಂತ ಅರ್ಥ. ನಿಜವಾಗಿ ಮುಳುಗುತ್ತಿರುವವರು ಸಾಮಾನ್ಯವಾಗಿ ಕೂಗುವುದಿಲ್ಲ, ಕೈಬೀಸುವುದೂ ಇಲ್ಲ. ಬಾಯಿ ನೀರಿನ ಮಟ್ಟಕ್ಕೆ ಬಂದು ಹೋಗುತ್ತಿರುತ್ತದೆ, ಅಷ್ಟೆ. ಹಾಗಾಗಿ ಸುಮ್ಮನಿರುವವರ ಕಡೆ ಮೊದಲು ಬೋಟ್ ತಿರುಗಬೇಕು.

ಜನ ತುಂಬಿದ ಸಣ್ಣ ದೋಣಿ ಕಂಡರೆ ಮೊದಲ ಕೆಲಸ ಯಾರನ್ನೂ ಎತ್ತುವುದಲ್ಲ. ಎಲ್ಲರೂ ಕೂತಿರಿ ಅಂತ ಹೇಳಿ ಜಾಕೆಟ್ ಹಂಚುವುದು. ಒಂದೇ ಬದಿಗೆ ಎಲ್ಲರೂ ಎದ್ದರೆ ದೋಣಿ ಕಣ್ಣೆದುರೇ ಮಗುಚುತ್ತದೆ. ಎತ್ತುವಾಗಲೂ ನಮ್ಮ ಎತ್ತರದ ಹಡಗಿನ ಏಣಿಯನ್ನು ಮೊದಲು ಹಿಡಿಯುವವರು ಶಕ್ತಿ ಇರುವವರೇ, ನಿಶ್ಶಕ್ತರು ಕೆಳಗೇ ಉಳಿಯುತ್ತಾರೆ. ಅದನ್ನು ತಡೆಯಲು ಕೆಳಗೆ ನಮ್ಮವರೊಬ್ಬರು ಬೇಕು. ಯಾವ ದೇಶದವರು, ಕಳ್ಳ ದಾರಿಯಲ್ಲಿ ಬಂದವರೇ ಅಂತೆಲ್ಲ ಕೇಳುವ ಹಾಗಿಲ್ಲ, ಅಪಾಯದಲ್ಲಿರುವವರನ್ನು ಕಾಪಾಡುವುದು ಕ್ಯಾಪ್ಟನ್‌ನ ಕರ್ತವ್ಯ ಅಂತ ಅಂತಾರಾಷ್ಟ್ರೀಯ ಕಾನೂನೇ ಹೇಳುತ್ತದೆ. ನಮ್ಮ ಕಡೆಯ ಮೀನುಗಾರರಿಗೆ ಇದನ್ನು ಯಾರೂ ಓದಿ ಹೇಳಬೇಕಿಲ್ಲ. ಅಳಿವೆಯಲ್ಲಿ ದೋಣಿ ಮಗುಚಿದರೆ ಹತ್ತಿರದ ಬೋಟಿನವರು ತಮ್ಮ ಕೆಲಸ ಬಿಟ್ಟು ಬರುತ್ತಾರೆ. ಕೋಸ್ಟ್ ಗಾರ್ಡ್‌ನ ನಂಬರ್ 1554, ಫೋನಿನಲ್ಲಿ ಹಾಕಿಟ್ಟುಕೊಳ್ಳಿ.

ಕೊನೆಗೆ ನಿಮ್ಮ ಅಮ್ಮ ಮತ್ತು ಮಗಳು. ಇಬ್ಬರಲ್ಲಿ ಒಬ್ಬರು ಅಂತ ಯೋಚಿಸಬೇಡಿ, ದೊಡ್ಡವರು ಇಬ್ಬರಿದ್ದೀರಲ್ಲ. ಹಡಗು ಹತ್ತಿದ ದಿನವೇ ಹಂಚಿಕೊಂಡುಬಿಡಿ. ಮಗಳು ಒಬ್ಬರಿಗೆ, ಅಮ್ಮ ಇನ್ನೊಬ್ಬರಿಗೆ. ಏಳು ಸಣ್ಣ ಸದ್ದು, ಆಮೇಲೆ ಒಂದು ಉದ್ದದ ಸದ್ದು ಕೇಳಿದರೆ ಅದು ತುರ್ತು ಅಲಾರಂ. ಆಗ ಒಬ್ಬರನ್ನೊಬ್ಬರು ಹುಡುಕುತ್ತಾ ಮೆಟ್ಟಿಲಲ್ಲಿ ಓಡಾಡಬೇಡಿ, ಇದ್ದಲ್ಲಿಂದ ನೇರ, ಎಲ್ಲರೂ ಸೇರಬೇಕಾದ ಜಾಗವಾದ ಮುಸ್ಟರ್ ಸ್ಟೇಷನ್‌ಗೆ ಹೋಗಿ ಅಲ್ಲೇ ಭೇಟಿಯಾಗಿ. ಅಮ್ಮನಿಗೆ ಮೆಟ್ಟಿಲು ಕಷ್ಟ ಅಂತ ಮೊದಲೇ ಸಿಬ್ಬಂದಿಗೆ ಹೇಳಿ, ಸಾಧ್ಯವಾದರೆ ಮುಸ್ಟರ್ ಸ್ಟೇಷನ್‌ಗೆ ಹತ್ತಿರದ ಕ್ಯಾಬಿನ್ ಕೇಳಿ. ಅಲ್ಲಿಗೆ ಹೋಗುವ ದಾರಿಯನ್ನು ಅವರ ಜೊತೆ ಒಮ್ಮೆ ನಡೆದು ನೋಡಿ, ಲಿಫ್ಟ್ ಲೆಕ್ಕಕ್ಕೆ ಹಿಡಿಯಬೇಡಿ.

ಮಗಳಿಗೆ ಮಕ್ಕಳ ಸೈಜಿನ ಲೈಫ್ ಜಾಕೆಟ್ ಕೇಳಿ ತೆಗೆದುಕೊಂಡು, ಹಾಕಿ ನೋಡಿ, ಕ್ಯಾಬಿನ್ನಿನಲ್ಲೇ ಇಟ್ಟುಕೊಳ್ಳಿ. ದೊಡ್ಡವರದ್ದು ಹಾಕಿದರೆ ನೀರಿನಲ್ಲಿ ಜಾಕೆಟ್ ಮೇಲೆ ಬರುತ್ತದೆ, ಮಗು ಕೆಳಗೆ ಜಾರುತ್ತದೆ. ‘ಏನೂ ಆಗಲ್ಲ ಸಾರ್’ ಅಂತ ಹಡಗಿನವರು ನಗಬಹುದು. ಜಾಕೆಟ್ ಕೊಟ್ಟು ನಗಲಿ.